ರಕ್ತಸಂಬಂಧಿ

ಅಜೀತ ಸತ್ತದ್ದನ್ನು ಮೊದಲು ಕಂಡವಳು ಪೂನಂ. ಸಂಶಯ ಅವಳ ಮೇಲೆ ಬೀಳಲು ಅಷ್ಟೇ ಸಾಕಾಯಿತು.

ಮುಡಬಿಯ ಆ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಅವಳು ಮೈದುನನಿಗೆ ಚಹಾ ಒಯ್ದಿದ್ದಳು. ಕರೆದಳು — ಏಳಲಿಲ್ಲ. ಭುಜ ಹಿಡಿದು ಅಲುಗಿಸಿದಳು — ಮೈ ತಣ್ಣಗಿತ್ತು. ಲೋಟ ಕೈಜಾರಿತು. ಸದ್ದಿಗೆ ಅಂಗಳದಿಂದ ಓಡಿ ಬಂದ ಅತ್ತೆ ಸುಂದರಬಾಯಿ ಮಗನ ಮುಖಕ್ಕೆ ಮುಖ ಹಚ್ಚಿದವಳು, ತಟ್ಟನೆ ತಲೆ ಎತ್ತಿ ಸೊಸೆಯನ್ನು ನೋಡಿದಳು.

"ಬಾಯಾಗ ಎಣ್ಣಿ ವಾಸ್ನಿ ಬರಾಕತ್ತದ! ಏನ್ ಕುಡಿಸಿದಿ ನನ್ನ ಮಗಗ?"

ಎಣ್ಣೆ ಎಂದರೆ ಆ ಕಡೆ ಬೆಳೆಗೆ ಹೊಡೆಯುವ ವಿಷ. ಮಾತು ಓಣಿಗೆಲ್ಲ ಕೇಳಿಸಿತು.

ಎಎಸ್‌ಐ ರತ್ನಮಾಲಾ ಬಂದಾಗ ಒಂಬತ್ತು ಗಂಟೆ. ಮೇ ತಿಂಗಳ ಬಿಸಿಲು ಆಗಲೇ ಗೋಡೆ ಕಾಯಿಸಿತ್ತು. ಮೂರು ದಿನ ಬಂದೋಬಸ್ತಿನಲ್ಲಿ ನಿಂತು ಅವಳ ಮೊಣಕಾಲು ಬಾತಿದ್ದವು. ಈ ಹೊಸ್ತಿಲು ದಾಟಲೂ ಬಾಗಿಲ ಚೌಕಟ್ಟು ಹಿಡಿಯಬೇಕಾಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಥ ಹೊಸ್ತಿಲು ಎಷ್ಟೋ ದಾಟಿದ್ದಳು. ಒಳಗೆ ಅಳುವವರು ಬೇರೆ ಇರುತ್ತಾರೆ, ಅಳು ಮಾತ್ರ ಒಂದೇ.

ಅಜೀತನಿಗೆ ಮೂವತ್ತಮೂರು. ದೊಡ್ಡ ಮೈಯ ಆಳು. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡಿರಲಿಲ್ಲ. ತಲೆದಿಂಬಿನ ಬಳಿ ತಂಪು ಪಾನೀಯದ ಎರಡು ಖಾಲಿ ಬಾಟಲಿ, ನೀರಿನ ಕೊಡ, ಬಕೆಟ್ಟಿನಲ್ಲಿ ವಾಂತಿ. ಮೂಲೆಯ ಗೂಡಿನಲ್ಲಿ ತೊಗರಿಗೆ ಹೊಡೆಯುವ ಔಷಧದ ಡಬ್ಬಿ. ರತ್ನಮಾಲಾ ಅದರ ಮುಚ್ಚಳದ ಮೇಲೆ ಬೆರಳಾಡಿಸಿದಳು. ಧೂಳು, ಹೋದ ಸುಗ್ಗಿಯದು.

"ಆಯಿ, ನಿಮ್ಮ ಮಗಗ ಏನ್ ಬ್ಯಾನಿ ಇತ್ತು?"

"ತಲ್ಯಾಗ ಯಾರೋ ಮಾತಾಡ್ತಾರ ಅಂತಿದ್ದ. ಒಂಬತ್ತು ವರ್ಷಾತು. ಸ್ಕಿಜೋಫ್ರೇನಿಯಾ ಅಂದ್ರು ಹುಮನಾಬಾದದಾಗ. ಗುಳಿಗಿ ಚಾಲೂ ಆದ ಮ್ಯಾಲ ಆ ಮಾತ ನಿಂತ್ವು. ಮದಲ ಕಡ್ಡಿ ಇದ್ದ ನೋಡ್ರಿ. ಆಮ್ಯಾಲ ಮೈ ಹ್ಯಾಂಗ ತುಂಬಿತ್ತು! ಊರ ಮಂದಿ ಅಂತಿದ್ರು, ಸುಂದರಬಾಯಿ, ನಿನ್ನ ಮಗ ಆರಾಮಾದ ಬಿಡು ಅಂತ."

"ಗುಳಿಗಿ ಯಾರ್ ಕೊಡ್ತಿದ್ರು?"

"ತರಾಕಿ ನಾನು. ಕೊಡಾಕಿ ಇಕಿ."

ಬಾಗಿಲಿಗೆ ಒರಗಿದ್ದ ಪೂನಂ ತಲೆ ತಗ್ಗಿಸಿದಳು. ಅವಳ ಗಂಡ ಉತ್ತಮ, ಮುಡಬಿ–ಬಸವಕಲ್ಯಾಣದ ನಡುವೆ ಷೇರ್ ಆಟೊ ಓಡಿಸುವವನು, ತಾಯಿಗೂ ಹೆಂಡತಿಗೂ ಸರಿಯಾಗಿ ನಡುವೆ ನೆಲದ ಮೇಲೆ ಕುಳಿತಿದ್ದ. ಯಾರ ಕಡೆಗೂ ನೋಡುತ್ತಿರಲಿಲ್ಲ.

"ಈ ಎಂಟ ದಿನದಾಗ ಅಜೀತ ಹ್ಯಾಂಗಿದ್ದ?"

"ನೀರು, ನೀರು ಅಂತಿದ್ದ. ಬ್ಯಾಸಗಿ ನೋಡ್ರಿ. ಕೊಡ ಹೊತ್ತು ಇಕಿಗಿ ಸಾಕಾಗಿತ್ತು. ನಳದ ಮುಂದ ಹತ್ತು ಮಂದಿ ಎದುರ ಅಂದಾಳ — ಇವ ಯಾವಾಗ ಹೋಗ್ತಾನೋ, ಯಾವಾಗ ನನ್ನ ಸೊಂಟ ಉಳೀತದೋ ಅಂತ. ಅಂದಿಲ್ಲ ಅನ್ಲಿ!"

"ಅಂದೀನ್ರಿ," ಎಂದಳು ಪೂನಂ.

"ಕೇಳಿದ್ರಿಲ್ಲ? ಪರ ರಕ್ತದಾಕಿ. ನನ್ನ ಹೊಟ್ಟಿ ಉರಿ ಆಕಿಗೇನ್ ಗೊತ್ತು?"

ಸುಂದರಬಾಯಿಯ ಮೈಯಲ್ಲಿ ಮಾಂಸವೇ ಇರಲಿಲ್ಲ. ಹೊಲದ ಕೂಲಿ ಮಾಡಿ ಒಣಗಿದ ಮೈ. ಆದರೆ ದನಿ ಮಾತ್ರ ಓಣಿಯ ತುದಿ ಮುಟ್ಟುತ್ತಿತ್ತು. ರತ್ನಮಾಲಾ ಹುಮನಾಬಾದಿನ ಚಿಕಿತ್ಸೆಯ ಕಾರ್ಡು ಕೇಳಿದಳು. ಪ್ಲಾಸ್ಟಿಕ್ ಚೀಲದಿಂದ ಬಂದ ಕಾರ್ಡಿನ ಪುಟ ಪುಟಕ್ಕೂ ಫೋನಿನಲ್ಲಿ ಫೋಟೊ ತೆಗೆದುಕೊಂಡಳು.

ಹೆಣವನ್ನು ಟೆಂಪೊಗೆ ಏರಿಸಲು ನಾಲ್ಕು ಜನ ಬೇಕಾಯಿತು. ಕಾನ್‌ಸ್ಟೇಬಲ್ ಹಣಮಂತ ಸೊಂಟ ಹಿಡಿದು ನಿಂತ.

"ಮೇಡಂ, ಇನ್ನ ನನ್ನೂ ಬಾಜೂಕ ಹಾಕ್ಕೊಂಡು ಹೋಗ್ರಿ."

"ಬಾಯಿ ಮುಚ್ಚು. ತಾಯಿ ಇಲ್ಲೇ ನಿಂತಾಳ."

* * *

ಬಸವಕಲ್ಯಾಣದಲ್ಲಿ ಶವಪರೀಕ್ಷೆ ಮುಗಿಸಿ ಡಾ. ಸರ್ಫರಾಜ್ ಕೈ ತೊಳೆಯುತ್ತಿದ್ದರು.

"ವಿಷ?"

"ಎಣ್ಣಿ ಕುಡದವರ ಹೊಟ್ಟಿ ಬಿಚ್ಚಿದ್ರ ಕೋಣಿ ತುಂಬ ವಾಸ್ನಿ ಹೊಡೀತದ. ಇವನ್ದು ಹಂಗಿಲ್ಲ. ಆದ್ರ ಇಲ್ಲಂತ ಬರದು ಕೊಡಾಕ ಬರಂಗಿಲ್ಲ. ಸ್ಯಾಂಪಲ್ ಕಲಬುರಗಿಗಿ ಹೋಗ್ಬೇಕು. ತಿಂಗಳಾಗ್ತದ, ಎರಡಾಗ್ತದ."

"ಅಲ್ಲೀತನ ಆ ಹುಡಿಗಿ ಒಳಗಿರಬೇಕು?"

"ಅದು ನಿಮ್ಮ ಖಾತಾ, ನಂದಲ್ಲ."

"ಮತ್ತೇನರ ಕಂಡ್ರಿ?"

ಡಾಕ್ಟರು ಟವೆಲ್ ಹುಡುಕಿದರು. ಸಿಗಲಿಲ್ಲ. ಅಂಗಿಗೇ ಕೈ ಒರೆಸಿಕೊಂಡರು. "ಹೃದಯ ಹಿಗ್ಗ್ಯಾದ. ರಕ್ತನಾಳದಾಗ ಕೊಬ್ಬ ಕಟ್ಟ್ಯಾದ. ಮ್ಯಾಲ ಮೂವತ್ಮೂರರ ಹುಡುಗ, ಒಳಗ ಅರವತ್ತರ ಮುದುಕ."

"ಯಾಕ ಹಂಗ?"

"ಅವ ತಗೋತಿದ್ದ ಗುಳಿಗಿ ನೋಡ್ರಿ. ತಲ್ಯಾಗಿನ ಗದ್ದಲ ನಿಲ್ಲಸ್ತಾವ, ಮನಷ್ಯಾನ್ನ ಮನಷ್ಯಾ ಮಾಡ್ತಾವ. ಅವಿಲ್ಲದ ಇವ ಎಂದೋ ಬಾಂವಿ ಪಾಲಾಗತಿದ್ದ. ಆದ್ರ ಅವ್ರಾಗ ಕೆಲವು ಹಸಿವಿ ಹೆಚ್ಚು ಮಾಡ್ತಾವ, ಮೈ ಬರಸ್ತಾವ, ಸಕ್ಕರಿ ಏರಸ್ತಾವ, ಹೃದಯಕ್ಕ ಭಾರ ಹೊರಸ್ತಾವ. ಅದಕ್ಕ ಬಿಡಬಾರದು — ಆದ್ರ ನೋಡ್ಕೊಂತಿರಬೇಕು. ತಿಂಗಳಾ ತಿಂಗಳಾ ತೂಕ, ಬಿಪಿ, ಸಕ್ಕರಿ. ಏರಿದ್ರ ಗುಳಿಗಿ ಬದಲಿಸ್ತಾರ, ಸಕ್ಕರಿಗಿ ಔಷಧ ಕೊಡ್ತಾರ, ಮುಗೀತು."

ರತ್ನಮಾಲಾ ಫೋನು ಮುಂದೆ ಹಿಡಿದಳು. "ನೋಡ್ಯಾರ. ಪ್ರತಿ ತಿಂಗಳೂ."

ಡಾಕ್ಟರು ಕನ್ನಡಕ ಏರಿಸಿ ಕಡೆಯ ಸಾಲು ಓದಿದರು. "ತೂಕ ನಲವತ್ತೈದು, ಬಿಪಿ ನೂರಾಹತ್ತು–ಎಪ್ಪತ್ತು, ಸಕ್ಕರಿ ತೊಂಬತ್ತೆಂಟು. ಇಪ್ಪತ್ತ ದಿನದ ಹಿಂದ. ಅರೆ, ಸಕ್ಕರಿ ಬರೋಬರ್ ಅದಲ್ಲ! ಇಲ್ಲಂದ್ರ ನಾ ಕಣ್ಮುಚ್ಚಿ ಹೇಳತಿದ್ದೆ — ನೀರಡಿಕಿ, ವಾಂತಿ, ಇದು ಸಕ್ಕರಿ ಬ್ಯಾನಿ ಏರಿ ಹೋದ ಜೀವ ಅಂತ. ಇಪ್ಪತ್ತ ದಿನದಾಗ ತೊಂಬತ್ತೆಂಟರಿಂದ ಸಾಯೋ ಮಟ? ಕಠಿಣ ಅದ."

ಆ ಕಾರ್ಡು ರೋಗವನ್ನು ಖುಲಾಸೆ ಮಾಡಿತ್ತು. ಉಳಿದವಳು ಪೂನಂ.

ಹೊರಗೆ ಬರುವಷ್ಟರಲ್ಲಿ ಠಾಣೆಯ ಸಾಹೇಬರ ಫೋನು. "ತಾಯಿ ಕಂಪ್ಲೇಂಟ್ ಅದ, ನಳದ ಮುಂದಿನ ಸಾಕ್ಷಿ ಅವ, ಮನ್ಯಾಗ ವಿಷ ಅದ. ಇನ್ನೇನ್ ಬೇಕು? ಹೆಂಗಸು — ಹೊತ್ತು ಮುಳುಗಿದ ಮ್ಯಾಲ ಅರೆಸ್ಟ್ ಮಾಡಾಕ ಬರಂಗಿಲ್ಲ. ಸಂಜಿ ಆಗೂದ್ರೊಳಗ ಮುಗಸ್ರಿ."

"ಹ್ಞೂಂ ಸರ್," ಎಂದಳು ರತ್ನಮಾಲಾ. ಅವಳಿಗೆ ನಿದ್ದೆ ಬೇಕಾಗಿತ್ತು, ಬೇರೇನೂ ಅಲ್ಲ.

* * *

ಬಸವಕಲ್ಯಾಣ ಠಾಣೆಯ ಹಿಂದಿನ ಕೋಣೆಯಲ್ಲಿ ಪೂನಂ ಬೆಂಚಿನ ತುದಿಗೆ ಕುಳಿತಿದ್ದಳು. ರತ್ನಮಾಲಾ ಎರಡು ಚಹಾ ತರಿಸಿದಳು. ಒಂದನ್ನು ಅವಳ ಕಡೆ ಸರಿಸಿದಳು.

"ನಳದ ಮುಂದ ಹಂಗ್ಯಾಕ ಅಂದಿ?"

"ಸೊಂಟ ನೋಯ್ತಿತ್ತು, ಅಂದೆ. ದಿನಕ್ಕ ಹದಿನೆಂಟು ಕೊಡ ಹೊತ್ತೀನ್ರಿ. ಅಂದಿದ್ದಕ್ಕ ಸಾಯ್ತಾರಂದ್ರ ನಮ್ಮ ಊರಾಗ ಒಬ್ಬ ಗಂಡಸೂ ಉಳೀತಿದ್ದಿಲ್ಲ."

ಬಾಗಿಲಲ್ಲಿ ನಿಂತ ಹಣಮಂತ ಕೆಮ್ಮಿದ. ರತ್ನಮಾಲಾ ನಗಲಿಲ್ಲ, ಆದರೆ ಈ ಹುಡುಗಿ ಸುಳ್ಳು ಹೇಳುವುದಿಲ್ಲ ಎಂಬುದು ಅವಳಿಗೆ ಆಗಲೇ ತಿಳಿಯಿತು. ತಿಳಿದರೆ ಸಾಲದು, ತೋರಿಸಬೇಕು.

"ಬಾಯಾಗ ವಾಸ್ನಿ ಖರೇನ ಬರ್ತಿತ್ತೇನು?"

"ಬರ್ತಿತ್ತು. ಎಣ್ಣೀದಲ್ರಿ. ಭಾಳ ಹಣ್ಣಾದ ಬಾಳಿಹಣ್ಣ ಹ್ಯಾಂಗ ಬರ್ತದ, ಹಂಗ. ನಿನ್ನಿ ಮುಂಜಾನಿಂದ ಬರ್ತಿತ್ತು. ಉಸರೂ ಜೋರ ಜೋರ ತಗೋತಿದ್ದ, ಓಡಿ ಬಂದವರಂಗ."

"ದವಾಖಾನಿಗಿ ಯಾಕ ಒಯ್ಯಲಿಲ್ಲ?"

"ಅಂದೆ. ಇವರ ಆಟೊ ಬಾಗಲದಾಗೇ ನಿಂತಿತ್ತು. ಅತ್ತಿ ಅಂದ್ರು, ಮೊನ್ನೇ ಹುಮನಾಬಾದದಾಗ ಎಲ್ಲಾ ಬರೋಬರ್ ಅದ ಅಂದಾರ, ಇದು ಬಿಸಲಿಂದು ಅಂತ." ಪೂನಂ ಚಹಾ ಮುಟ್ಟಿರಲಿಲ್ಲ. "ನನಗ ವೈನಿ, ವೈನಿ ಅಂತ ಜೀವಾ ಬಿಡ್ತಿದ್ದ ಮೇಡಂ. ತಲಿ ಬರೋಬರ್ ಇದ್ದ ದಿನ ನನಗ ಕಾಯಿಪಲ್ಲೆ ಹೆಚ್ಚಿ ಕೊಡ್ತಿದ್ದ."

"ಹುಮನಾಬಾದಕ ನೀ ಎಂದೂ ಹೋಗಿಲ್ಲ?"

"ಒಮ್ಮಿ ಹೋಗಿದ್ದೆ. ಹ್ವಾದ ವರ್ಷ, ಅತ್ತಿಗಿ ಜ್ವರ ಬಂದಾಗ. ಕಾರ್ಡ್ ತೋರಸ್ದೆ. ನೀ ಯಾರು ಅಂದ್ರು. ಅವನ ವೈನಿ, ಅಣ್ಣನ ಹೆಂಡ್ತಿ ಅಂದೆ. ನೀ ರಕ್ತಸಂಬಂಧಿ ಅಲ್ಲ, ನಡೆಯಂಗಿಲ್ಲ, ತಾಯಿನ್ನ ಕಳಸು ಅಂದು ವಾಪಸ್ ಹಚ್ಚಿದ್ರು."

"ಅಜೀತನ್ನ ಕರಕೊಂಡು ಬಾ ಅನ್ಲಿಲ್ಲೇನು?"

"ಇಲ್ಲಲ್ರಿ. ಅವ ಎಲ್ಲಿ ಬರ್ತಾನ? ಮಂದಿ ಕಂಡ್ರ ಅಂಜ್ತಿದ್ದ, ಬಸ್ ಹತ್ತತಿದ್ದಿಲ್ಲ. ಎರಡ ವರ್ಷಾತು, ಊರ ಬಿಟ್ಟಿಲ್ಲ."

ರತ್ನಮಾಲಾಳ ಲೋಟ ಬಾಯಿಯ ಹತ್ತಿರ ನಿಂತಿತು.

ಎರಡು ವರ್ಷ — ಊರು ಬಿಟ್ಟಿಲ್ಲ?

ಅವಳು ಫೋನು ತೆಗೆದು ಕಾರ್ಡಿನ ಪುಟಗಳನ್ನು ನೋಡಿದಳು. ಬಹಳ ಹೊತ್ತು. ಆಮೇಲೆ ಡಾ. ಸರ್ಫರಾಜ್‌ಗೆ ಕರೆ ಮಾಡಿದಳು.

"ಡಾಕ್ಟರ್‌ಸಾಬ್, ಎರಡ ಮಾತು. ಹೆಣದ ತೂಕ ಎಷ್ಟಿತ್ತು? ಸತ್ತ ಮ್ಯಾಲ ಸಕ್ಕರಿ ಎಷ್ಟಿತ್ತಂತ ತಿಳೀಬಹುದೇನು?"

ಆ ಕಡೆಯಿಂದ ಏನು ಬಂತೋ, ಅವಳು "ಮಾಡ್ರಿ, ಈಗ್ಲೇ ಮಾಡ್ರಿ" ಎಂದಷ್ಟೇ ಹೇಳಿ ಎದ್ದಳು. ಮೊಣಕಾಲು ಚುರುಕ್ ಎಂದಿತು.

"ಹಣಮಂತ, ಗಾಡಿ ತೆಗಿ. ಹುಮನಾಬಾದಕ."

"ಊಟ, ಮೇಡಂ?"

"ದಾರ್ಯಾಗ ಬಾಳಿಹಣ್ಣ ತಗೋ. ಹಣ್ಣಾಗಿದ್ದು ಬ್ಯಾಡ."

* * *

ಹುಮನಾಬಾದಿನಲ್ಲಿ ಒಂದು ಟ್ರಸ್ಟಿನವರು ಬಾಡಿಗೆಯ ಕಟ್ಟಡದಲ್ಲಿ ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಶಿಬಿರ ನಡೆಸುತ್ತಿದ್ದರು. ಅಂದು ಶಿಬಿರದ ದಿನವಲ್ಲ. ಒಳಗೆ ಗುಳಿಗೆಯ ಡಬ್ಬಗಳನ್ನು ಜೋಡಿಸುತ್ತಿದ್ದವನು ಸಂಯೋಜಕ ಸಂಜುಕುಮಾರ ಒಬ್ಬನೇ. ನಲವತ್ತರ ಮನುಷ್ಯ, ಮೆದು ಮಾತು, ಈ ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಕುರ್ಚಿ ಒರೆಸಿ ಕೊಟ್ಟ, ನೀರು ಕೊಟ್ಟ.

ಅವನ ತಲೆಯ ಮೇಲೆ ಗೋಡೆಯಲ್ಲಿ ಎರಡು ಸಾಲಿನ ಫಲಕ: "ಗುಳಿಗೆ ಪಡೆಯಲು ರೋಗಿ ಅಥವಾ ರಕ್ತಸಂಬಂಧಿ ಬರಬೇಕು. ತೂಕ, ಬಿಪಿ, ರಕ್ತ ಪರೀಕ್ಷೆ ಆಗದೆ ಗುಳಿಗೆ ಇಲ್ಲ."

ರತ್ನಮಾಲಾ ಅದನ್ನು ಎರಡು ಸಲ ಓದಿದಳು.

"ಮುಡಬಿ ಅಜೀತನ್ನ ಕಡೀಗಿ ಯಾವಾಗ ನೋಡಿದ್ರಿ?"

"ಇಪ್ಪತ್ತ ದಿನದ ಹಿಂದ್ರಿ. ರಿಜಿಸ್ಟರ್‌ದಾಗ ಅದಲ್ಲ."

"ಬರದದ್ದು ಕೇಳಿಲ್ಲ. ನೋಡಿದ್ದು?"

"ಅದೇ ದಿನಾರಿ."

"ಹ್ಯಾಂಗಿದ್ದ? ದಪ್ಪನೋ, ತೆಳ್ಳಗೋ?"

ಸಂಜುಕುಮಾರನ ಕಣ್ಣು ರಿಜಿಸ್ಟರಿನ ಕಡೆ ಜಾರಿತು. "ತೆಳ್ಳಗ್ರಿ. ನಲವತ್ತೈದ ಕಿಲೊ."

"ಗಡ್ಡ ಬಿಟ್ಟಿದ್ದನೇನು?"

"ಇಲ್ರಿ... ಅಂದ್ರ, ಸ್ವಲ್ಪ."

ಅವಳು ಫೋನಿನಲ್ಲಿ ಬೆಳಗಿನ ಫೋಟೊ ತೆರೆದು ಮೇಜಿನ ಮೇಲಿಟ್ಟಳು. ಚಾಪೆಯ ತುಂಬ ಹರಡಿದ ದೊಡ್ಡ ಮೈ, ಕೂಡದ ಗುಂಡಿಗಳು, ದಟ್ಟ ಗಡ್ಡ.

ಸಂಜುಕುಮಾರ ಬಗ್ಗಿ ನೋಡಿದ. ನಿಜವಾಗಿಯೂ ಗೊತ್ತಿಲ್ಲದವನ ದನಿಯಲ್ಲಿ ಕೇಳಿದ:

"ಇವ ಯಾರ್ರಿ?"

* * *

ನಾಲ್ಕೂವರೆ. ಠಾಣೆಯ ಕೋಣೆಯಲ್ಲಿ ಫ್ಯಾನು ಸುಮ್ಮನೆ ಬಿಸಿಗಾಳಿ ತಿರುಗಿಸುತ್ತಿತ್ತು. ಸುಂದರಬಾಯಿ, ಉತ್ತಮ ಒಂದು ಕಡೆ. ಪೂನಂ ಇನ್ನೊಂದು ಕಡೆ. ಬಾಗಿಲ ಹತ್ತಿರ, ಹಣಮಂತನ ಪಕ್ಕ, ಸಂಜುಕುಮಾರ.

"ವಿಷ ಇಲ್ಲ," ಎಂದು ರತ್ನಮಾಲಾ ಶುರುಮಾಡಿದಳು. ದನಿ ಏರಿಸುವ ಶಕ್ತಿ ಅವಳಲ್ಲಿ ಇರಲಿಲ್ಲ. "ಡಾಕ್ಟರ್ ಅಜೀತನ ಕಣ್ಣಿನೊಳಗಿನ ನೀರು ತೆಗದು ನೋಡ್ಯಾರ. ಸತ್ತ ಮ್ಯಾಲೂ ಅದರಾಗ ತಿಳೀತದ. ಸಕ್ಕರಿ ಐದನೂರು ದಾಟ್ಯಾದ. ನೀರಡಿಕಿ ಬ್ಯಾಸಗೀದಲ್ಲ. ತಂಪ ಬಾಟಲಿ ಕುಡದಷ್ಟೂ ಸಕ್ಕರಿ ಏರಿತು. ಬಾಯಿ ವಾಸ್ನಿ ಎಣ್ಣೀದಲ್ಲ, ಸಕ್ಕರಿ ಮಿತಿಮೀರಿದ್ರ ಹಂಗೇ ಕೊಳತ ಹಣ್ಣಿನಂಗ ಬರ್ತದ. ದಣಿದ ಹೃದಯ ತಾಳಲಿಲ್ಲ."

"ಸುಳ್ಳ!" ಎಂದಳು ಸುಂದರಬಾಯಿ. "ಸಕ್ಕರಿ ಇದ್ದಿದ್ದಿಲ್ಲ. ಕಾರ್ಡ್ ನೋಡ್ರಿ. ಎಲ್ಲಾ ಬರೋಬರ್ ಅದ ಅಂದಾರ."

"ಕಾರ್ಡ್ ಎಲ್ಲಾರೂ ನೋಡಿದ್ರು, ಆಯಿ. ನಾನೂ ನೋಡಿದೆ, ಡಾಕ್ಟರೂ ನೋಡಿದ್ರು. ಎಲ್ಲಾರೂ ಸಕ್ಕರಿ ಸಾಲು ಓದಿದ್ರು. ಬಾಜೂಕೇ ಇದ್ದ ತೂಕ ಯಾರೂ ಓದಲಿಲ್ಲ. ನಲವತ್ತೈದ ಕಿಲೊ! ಮುಂಜಾನಿ ನಾಕ ಮಂದಿ ಎತ್ತಿದ ಹೆಣ ತೊಂಬತ್ತೊಂದ ಕಿಲೊ ಅದ. ಹಂಗಾರ ಈ ನಲವತ್ತೈದ ಯಾರ್ದು?"

ಅವಳು ಫೋನನ್ನು ಮೇಜಿನ ಮೇಲಿಟ್ಟು ಸುಂದರಬಾಯಿಯ ಕಡೆ ತಿರುಗಿದಳು.

"ಪೂನಂ ಹೇಳಿದ್ಲು. ಆಕಿನ್ನ ವಾಪಸ್ ಕಳಿಸಿದ್ರಂತ, ರಕ್ತಸಂಬಂಧಿ ಅಲ್ಲ ಅಂತ. ಗುಳಿಗಿ ಡಬ್ಬಿ ಒಯ್ಯಾಕ ರಕ್ತ ಯಾಕ ಕೂಡಬೇಕು? ಅಜೀತನ್ನ ಯಾರೂ ಕೇಳಲಿಲ್ಲ, ತಾಯಿನ್ನ ಕೇಳಿದ್ರು. ಆಯಿ, ಹುಮನಾಬಾದದಾಗ ತೂಕದ ಕಾಟಾದ ಮ್ಯಾಲ ಯಾರ್ ನಿಂತಿದ್ರಿ?"

ಸುಂದರಬಾಯಿ ಆಶ್ಚರ್ಯದಿಂದ ನೋಡಿದಳು. ಇದೂ ಒಂದು ಪ್ರಶ್ನೆಯೇ ಎಂಬಂತೆ.

"ನಾನೇರಿ."

"ಬೆರಳ ಚುಚ್ಚಿ ರಕ್ತ ಯಾರ್ದು ತಗೊಂಡ್ರು?"

"ನಂದೇ. ರಕ್ತಸಂಬಂಧಿ ರಕ್ತ ನಡೀತದಂತಲ್ರಿ. ಬೋರ್ಡಿನ ಮ್ಯಾಲೇ ಬರದದಂತ. ಪ್ರತಿ ತಿಂಗಳಾ ಕೊಟ್ಟೀನಿ, ಒಮ್ಮಿ ತಪ್ಪಿಸಿಲ್ಲ. ಕೊಡ್ಲಿಲ್ಲಂದ್ರ ಗುಳಿಗಿ ಬಂದ್ ಆಗತಿದ್ದಿಲ್ಲೇನು?"

ಉತ್ತಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ರತ್ನಮಾಲಾ ಬಾಗಿಲ ಕಡೆ ತಿರುಗಿದಳು. "ಬೋರ್ಡಿನ ಮ್ಯಾಲ ಎರಡ ಸಾಲ ಅದಾವ. ರಕ್ತಸಂಬಂಧಿ ಗುಳಿಗಿ ಒಯ್ಯಬಹುದು, ಒಂದು. ರಕ್ತ ನೋಡಬೇಕು, ಎರಡು. ಎರಡೂ ಕೂಡಿಸಿ ಮೂರನೇದು ಮಾಡಿದವ ನೀ. ಈ ಸಾವು ನಿನ್ನ ಹೆಸರಿಗದ, ಸಂಜುಕುಮಾರ."

"ನೂರಾ ಇಪ್ಪತ್ತ ಮಂದಿ ಬರ್ತಾರ್ರಿ ಒಂದ ದಿನದಾಗ," ಎಂದ ಅವನು. "ಅರ್ಧಾ ಮಂದಿ ತಾಯಂದಿರು, ಅಕ್ಕತಂಗೇರು. ಪೇಶಂಟ್ ಬರಂಗೇ ಇಲ್ಲ. ಅಂಕಿ ಹಾಕದ ಕಂಪ್ಯೂಟರ್ ಗುಳಿಗಿ ಬಿಡಂಗಿಲ್ಲ. ಮುದುಕೇರಿಗಿ ಖಾಲಿ ಕೈಲೆ ವಾಪಸ್ ಹ್ಯಾಂಗ ಕಳಸ್ಲಿ? ಬೀದರ್‌ದಿಂದ ಬರೋ ಡಾಕ್ಟರ್‌ಗ ಕಾರ್ಡ್ ನೋಡಾಕೂ ಪುರಸೊತ್ತಿಲ್ಲ. ನಾ ಒಂದ ಅಂಕೀನೂ ಸುಳ್ಳ ಬರದಿಲ್ಲ ಮೇಡಂ. ಖರೇನ ಅಳದೀನಿ."

"ಖರೇನ ಅಳದಿ. ಬ್ಯಾರೆಯವರ ಮೈ ಅಳದಿ. ನೀ ಸಾಲ ಖಾಲಿ ಬಿಟ್ಟಿದ್ರ ಡಾಕ್ಟರ್ ಕೇಳತಿದ್ರು, ಯಾಕ ಖಾಲಿ ಅಂತ. ತುಂಬಿದ ಸಾಲ ಯಾರೂ ಕೇಳಂಗಿಲ್ಲ. ಇಂಥ ಕಾರ್ಡ್ ಇನ್ನ ಎಷ್ಟ ಅವ?"

ಅವನು ಲೆಕ್ಕ ಹಾಕಿದಂತೆ ಕಂಡ. "ಐವತ್ತರ ಮ್ಯಾಲ."

"ಅವರೆಲ್ಲಾ ಜೀವಂತ ಇದ್ದಾರ. ಕುಂತು ಹೆಸರ ಬರಿ. ಡಾಕ್ಟರ್‌ಗ ಈಗ್ಲೇ ಹೋಗ್ತಾವ."

ಸುಂದರಬಾಯಿ ಎದ್ದು ನಿಂತಿದ್ದಳು. "ಮೇಡಂ, ನನ್ನ ರಕ್ತ ಅವನ ರಕ್ತ ಒಂದೇ ಅಲ್ಲೇನ್ರಿ? ನಾನೇ ಹಡದೀನಿ."

"ಒಂದೇ, ಆಯಿ. ಆದ್ರ ಸಕ್ಕರಿ ಅವನ ಮೈಯಾಗಿತ್ತು."

"ಹಂಗಾರ ನನ್ನ ಹೆಸರೂ ಬರಕೋರಿ."

"ಇಲ್ಲ. ನಿಮಗ ಗೊತ್ತಿದ್ದಿಲ್ಲ, ಇವಗ ಗೊತ್ತಿತ್ತು. ಗೊತ್ತಿದ್ದವರ ಹೆಸರು ಬರೀತೀನಿ."

ಸಾಹೇಬರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಕೊನೆಗೆ ಬಂದದ್ದು ಒಂದು "ಹ್ಞೂಂ". ಪೂನಂನ ಹೆಸರು ಬರೆದಿಟ್ಟ ಹಾಳೆಯನ್ನು ರತ್ನಮಾಲಾ ಎರಡಾಗಿ ಹರಿದಳು.

"ನೀ ಮನಿಗಿ ಹೋಗಬಹುದವ್ವ."

ಪೂನಂ ಅಲುಗಲಿಲ್ಲ. "ಯಾವ ಮನಿಗ್ರಿ? ಊರ ತುಂಬ ನನ್ನ ಹೆಸರಾಗ್ಯಾದ. ಪೊಲೀಸರು ಬಿಟ್ರು ಅಂದ್ರ, ಏನೋ ಮಾಡಿ ಬಿಡಿಸ್ಕೊಂಡ್ಲು ಅಂತಾರ. ನಾ ದುಬಲಗುಂಡಿಗಿ ಹೋಗ್ತೀನಿ, ತವರಮನಿಗಿ."

ಉತ್ತರ ಕೊಟ್ಟವಳು ಸುಂದರಬಾಯಿ, ಅದೂ ಸೊಸೆಯ ಮುಖ ನೋಡದೆ.

"ಮದಲ ಮುಡಬಿಗಿ ನಡಿ. ಆಮ್ಯಾಲ ಬೇಕಾರ ಹೋಗು."

ಹೆಣ ತರಲು ಉತ್ತಮ ಹಿಂದೆ ಉಳಿದ. ಇಬ್ಬರು ಹೆಂಗಸರನ್ನೂ ಜೀಪಿನಲ್ಲಿ ಕೂಡಿಸಿಕೊಂಡು ರತ್ನಮಾಲಾ ಹೊರಟಳು. ಓಣಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಜನ ಕಟ್ಟೆಗಳ ಮೇಲೆ ಕಾಯುತ್ತಿದ್ದರು.

ಸುಂದರಬಾಯಿ ಮೊದಲು ಇಳಿದಳು. ಮನೆಯ ಕಡೆ ಹೋಗಲಿಲ್ಲ. ಓಣಿಯ ಮೊದಲ ಬಾಗಿಲಿಗೆ ಹೋಗಿ ನಿಂತಳು.

"ಮುಕ್ತಾ, ಹೊರಗ ಬಾ. ನನ್ನ ಸೊಸಿ ಏನೂ ಮಾಡಿಲ್ಲ. ಮುಂಜಾನಿ ನಾ ಅಂದಿದ್ದು ಸುಳ್ಳ. ಮಗಗ ಸಕ್ಕರಿ ಆಗಿತ್ತು. ದವಾಖಾನಿದಾಗ ಅವನ ಹೆಸರಿಲೆ ಕೊಟ್ಟ ರಕ್ತ ನಂದಿತ್ತು."

ಮುಕ್ತಾಬಾಯಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ. ಸುಂದರಬಾಯಿ ಕಾಯಲಿಲ್ಲ. ಎರಡನೆಯ ಬಾಗಿಲು. ಅದೇ ಮಾತು, ಅದೇ ದನಿ. ಮೂರನೆಯದು. ಆರನೆಯ ಬಾಗಿಲಿಗೆ ಬರುವಷ್ಟರಲ್ಲಿ ಆ ದನಿ ಒಡೆದು, ಎದುರು ನಿಂತವರಿಗಷ್ಟೇ ಕೇಳುವಂತಾಗಿತ್ತು. ಕಾಲು ತಡವರಿಸಿತು.

ಪೂನಂ ಜೀಪಿನಿಂದ ಇಳಿದು ಹೋಗಿ ಅವಳ ರಟ್ಟೆ ಹಿಡಿದಳು.

"ಸಾಕ್ರಿ ಅತ್ತಿ. ನಡೀರಿ ಒಳಗ."

ಸುಂದರಬಾಯಿ ಸೊಸೆಯ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ನಿಲ್ಲಲೂ ಇಲ್ಲ.

"ಇನ್ನ ನಾಕ ಮನಿ ಅದಾವ," ಎಂದಳು. "ಅಜೀತ ಬರೂದ್ರೊಳಗ ಮುಗಸಬೇಕು."